ಪಂಚನಾಮೆಯೊಳಗ ಇಲ್ಲದ್ದು

ಸಹಿ ಹಾಕೀನ್ರಿ, ಮೂರನೇ ಪಂಚ ನಾನು.
ಆ ಕಾಗದದಾಗ ಉದ್ದ ಅದ, ಅಗಲ ಅದ, ಸರ್ವೆ ನಂಬರ್ ಅದ.
ಜಗದೇವಿಯ ರೊಟ್ಟಿ ಬುಟ್ಟಿ ಇಲ್ಲ.
ಇನ್ನೊಂದೂ ಇಲ್ಲ, ಅದು ಆಮ್ಯಾಲ ಹೇಳ್ತೀನಿ.

ಕಲಬುರಗಿ ಆಳಂದ ರೋಡಿನ ಒಳಗ, ದಾಲ್ ಮಿಲ್ಲಿನ ಬೆನ್ನಿಗೆ
ನಮ್ಮವು ಹನ್ನೊಂದು ಮನಿ.
ಮುಂದಿನ ಬಾಗಿಲು ಬೀಗರಿಗೆ, ಕರೆಂಟ್ ಬಿಲ್ಲು ತರೋರಿಗೆ.
ಹಿಂದಿನ ಬಾಗಿಲು ನಮಗ.
ಅಲ್ಲಿಂದ ಕರೀ ಹೊಲ, ತೊಗರಿ ಕೊಯ್ದ ಕೂಳಿ ನಡುವ
ನಮ್ಮ ಕಾಲೇ ಸವೆಸಿದ ದಾರಿ.

ಹೊಲಕ್ಕ ಮೊದಲು ಬಂದದ್ದು ಕಮಾನು.
ರಸ್ತೆ ಇಲ್ಲ, ನಳ ಇಲ್ಲ, ಕಮಾನು ಮಾತ್ರ,
‘ಗ್ರೀನ್ ವ್ಯಾಲಿ’ ಅಂತ ಕೆಂಪು ಅಕ್ಷರದಾಗ.
ವ್ಯಾಲಿ ಅಂದ್ರೇನು ಅಂತ ಕೇಳಿದಳು ಮಹಬೂಬಿ.
ಕಣಿವಿ, ಅಂದ್ರು.
ನೆಲ ಹಂಚಿನ ಮ್ಯಾಲಿನ ರೊಟ್ಟಿ ಹಂಗ ಸಪಾಟ ಬಿದ್ದಿತ್ತು.

ಆಮ್ಯಾಲ ಶಹಾಬಾದಿ ಕಲ್ಲು ಇಳಿದವು, ಆರು ಫೂಟಿನವು, ನಾಕು ಲಾರಿ.
ನಿಮ್ಮ ಹಿತ್ತಲಿಗೆ ಸಾಲಾಗಿ ನಿಲ್ಲಿಸ್ತೀವಿ, ಅಂದ ಇಂಜಿನಿಯರ್ ಪಟವಾರಿ,
ನಿಮಗೂ ಚಲೋ, ನಮಗೂ ಚಲೋ.
ಇದೇ ಕಲ್ಲಿನ ಮ್ಯಾಲ ನಾವು ಬ್ಯಾಸಗಿ ಕಳೀತೀವಿ,
ನೀರು ಚಿಮುಕಿಸಿ, ಬರೀ ಮೈಲೆ ಮಲಗಿ.
ಮಲಗಿದ ಕಲ್ಲು ತಂಪು.
ಎದ್ದು ನಿಂತರ ಅದು ಬ್ಯಾರೇನೇ ಕಲ್ಲು.

ಜಗಳ ಹತ್ತಿದ್ದು ಅವರ ಸಂಗಟ ಅಲ್ಲ, ನಮ್ಮ ನಮ್ಮೊಳಗ.
ಆಗ್ಲಿ ಬಿಡ್ರಿ, ಹಂದಿ ಬರೂದು ತಪ್ಪತದ, ಅಂದ್ರು ಸೈಬಣ್ಣ ಮಾಸ್ತರ.
ಜಗದೇವಿ ಹಿಟ್ಟಿನ ಕೈಲೇ ಎದ್ದು ಬಂದಳು:
ದಿನಾ ಇನ್ನೂರು ರೊಟ್ಟಿ ಹಿಂದಿನ ಬಾಗಿಲಿಂದ ಹೋಗ್ತಾವ,
ಅಲ್ಲಿ ದುಡಿಯೋ ಮಂದಿಗೆ.
ಕಲ್ಲು ಎತ್ತೋರಿಗೆ ರೊಟ್ಟಿ ಬಡಿಯಾಕಿ ನಾನು,
ಆ ಕಲ್ಲು ನನ್ನ ಬಾಗಿಲಿಗೇ?
ಮಹಬೂಬಿ ತನ್ನ ಬೇವಿನ ಗಿಡದ ಲೆಕ್ಕ ಕೇಳಿದಳು.
ಬುಡ ನಿಮ್ಮ ಕಡೆ, ಮಧ್ಯಾಹ್ನದ ನೆರಳು ನಮ್ಮ ಕಡೆ,
ಅಂದ ಪಟವಾರಿ. ನಗಲಿಲ್ಲ.

ಸರ್ವೇಯರ್ ದೇವಿಂದ್ರ ಬಂದ, ಟೇಪು, ನಕಾಶಿ, ಕೊಡಿ.
ಗಡಿಕಲ್ಲು ಸಿಗೂತನಕ ಅಳತಿ ಇಲ್ಲ ಅಂದ.
ಹುಡುಕಿದ್ರು. ಜಾಲಿ ಕಡಿದ್ರು, ತಿಪ್ಪಿ ಕೆದರಿದ್ರು,
ಹುಡುಗರಿಗೆ ಹಬ್ಬ.
ಕಡೀಕ ಸಿಕ್ತು. ಎಲ್ಲಿ?
ಮಾಸ್ತರರ ಬಚ್ಚಲದಾಗ.
ಇಪ್ಪತ್ತೆರಡು ವರ್ಷ ಅರಿವಿ ಒಗೆದು ಒಗೆದು
ಬೆಣ್ಣಿ ಹಂಗ ನುಣ್ಣಗಾದ ಕಲ್ಲು,
ತಿರುವಿದರ ತೆಳಗ ಗುರುತು, ಅಡ್ಡ ಒಂದು, ಉದ್ದ ಒಂದು.

ದೇವಿಂದ್ರ ಅಲ್ಲೇ ಕುಂತು ಟೇಪು ಹಿಡಿದ.
ಹನ್ನೊಂದೂ ಮನಿ ಮೂರು ಮೂರು ಫೂಟು ಆಚೆ ಹೋಗ್ಯಾವ, ಅಂದ.
ಮಾಸ್ತರ ಕನ್ನಡಕ ತೆಗೆದು ಒರೆಸಿದ್ರು, ಮತ್ತ ಒರೆಸಿದ್ರು.
ಕಮಾನಿನ ಎಡಗಾಲು ಸರ್ಕಾರಿ ನಾಲಾದಾಗ ನಿಂತದ,
ಅಂತ ಅದನ್ನೂ ಬರೆದ.
ಆಗ ಪಟವಾರಿನೂ ಫೋನು ನೋಡಕೋತ ನಿಂತ.

ಈಗ ಆ ಇನ್ನೊಂದು ಮಾತು.
ಮಾಸ್ತರರ ಬಚ್ಚಲ ಕಟ್ಟಿದ ಗೌಂಡಿ ನಾನು.
ಒಗಿಯಾಕ ಒಂದು ಚಲೋ ಕಲ್ಲು ನೋಡೋ ಮೋನಪ್ಪ,
ಅಂದಿದ್ರು ಅವರ ಮನಿಯಾಕಿ, ಈಗಿಲ್ಲ ಅವರು.
ಮುಂಜಾನಿ ಹೊಲದಾಗ ಕಂಡಿತ್ತು, ಹಾರಿಗೋಲಿಂದ ಮೀಟಿ
ಹೆಗಲ ಮ್ಯಾಲ ಹೊತ್ತು ತಂದೆ. ಚಹಾ ಕೊಟ್ರು, ಶೇಂಗಾ ಹೋಳಿಗಿ ಕೊಟ್ರು.
ಎಲ್ಲಿಂದ ಕಿತ್ತಿದ್ದೆ?
ಬೇವಿನ ಈಚೆನೋ ಆಚೆನೋ,
ಕಣ್ಣು ಮುಚ್ಚಿದರ ಹೆಗಲಿಗೆ ಭಾರ ನೆನಪಾಗ್ತದ,
ಜಾಗ ಆಗಲ್ಲ.

ಪೆನ್ನು ಕೊಟ್ಟಾಗ ಹೇಳಬೇಕಿತ್ತು.
ದೇವಿಂದ್ರ ಬಿಸಲಾಗ ಬೆವೆತಿದ್ದ, ಮಾಸ್ತರ ಗ್ವಾಡಿಗೆ ಆತುಕೊಂಡಿದ್ರು,
ನಾ ಸಹಿ ಹಾಕಿದೆ.

ಆ ಕಲ್ಲು ನಿಲ್ಲಿಸೋ ಕೆಲಸ ನನಗೇ ಕೊಟ್ಟಾರ,
ದಿನಕ್ಕ ಒಂಬೈನೂರು.
ನಿನ್ನಿ ಜಗದೇವಿ ಹಿತ್ತಲತನಕ ಬಂದೀನಿ.
ಅಲ್ಲಿ ಒಂದು ಕಲ್ಲಿಗೆ ಸಿಮೆಂಟ್ ಹಾಕಿಲ್ಲ,
ಮಣ್ಣು ತುಂಬಿ, ಮ್ಯಾಲ ಬಿಳೀ ಸುಣ್ಣ ಎಳೆದೀನಿ.
ಬಲಗೈಲೆ ಜರಾ ದೂಡಿದರ ಸಾಕು,
ಬುಟ್ಟಿ ಹೋಗುವಷ್ಟು ತೆಗೀತದ.